ಗೋಧಿ ಹುಲ್ಲಿನ ರಸ ಮರುದಿನಕ್ಕೆ ಕೆಡುತ್ತಿದ್ದರೆ

ಫ್ರಿಜ್‌ನಲ್ಲಿಟ್ಟ ರಸ ಬೆಳಗಾಗುವಷ್ಟರಲ್ಲಿ ಕಂದಾಗಿ ವಾಸನೆ ಬರುವುದಕ್ಕೆ ಕಾರಣ ಹೆಚ್ಚಾಗಿ ಮಿಕ್ಸಿ ತುಂಬಿಸಿದ ಗಾಳಿ. ಮೇಲೆ ನಿಲ್ಲುವ ದಪ್ಪ ಹಸಿರು ನೊರೆಯೇ ಅದರ ಗುರುತು.

ಹುಲ್ಲನ್ನು ಮಣ್ಣು ತಾಗದಂತೆ ಕತ್ತರಿಸಿ ತೊಳೆಯಿರಿ. ತಣ್ಣೀರು ಹಾಕಿ, ಮಿಕ್ಸಿಯನ್ನು ಬಿಟ್ಟು ಬಿಟ್ಟು ತಿರುಗಿಸಿ, ತೆಳುಬಟ್ಟೆಯಲ್ಲಿ ಹಿಂಡಿ. ನೊರೆ ತೆಗೆದು, ಕೂಡಲೇ ಐಸ್ ಟ್ರೇಗೆ ಸುರಿದು ಫ್ರೀಜರ್‌ನಲ್ಲಿಡಿ. ಗಟ್ಟಿಯಾದ ತುಂಡುಗಳನ್ನು ಜಿಪ್ ಚೀಲಕ್ಕೆ ಹಾಕಿ, ಗಾಳಿ ಒತ್ತಿ ತೆಗೆದು ಮುಚ್ಚಿ. ಇಲ್ಲವಾದರೆ ಪಕ್ಕದ ಮೀನಿನ ವಾಸನೆಯೆಲ್ಲ ಅದಕ್ಕೇ. ಬೇಕಾದಾಗ ಒಂದು ತುಂಡನ್ನು ನೀರಿನಲ್ಲಿ ಕರಗಿಸಿ ಕುಡಿಯಿರಿ. ಕರಗಿದ್ದನ್ನು ಮತ್ತೆ ಫ್ರೀಜರ್‌ಗೆ ಇಡಬೇಡಿ.

ನಿಂಬೆರಸ ಬೆರೆಸಿಡುವ ಉಪಾಯ ನನಗೆ ಹಿಡಿಸದು. ಹುಳಿಗೆ ಹಸಿರು ಮಂಕಾಗುತ್ತದೆ. ತಾಜಾ ರಸದ ಗುಣವೆಲ್ಲ ಫ್ರೀಜರ್‌ನಲ್ಲಿಟ್ಟರೆ ಉಳಿಯುತ್ತದೆಂಬ ಭರವಸೆಯನ್ನೂ ಕೊಡಲಾರೆ. ಎರಡು ಮೂರು ದಿನದ ಮಟ್ಟಿಗಾದರೆ ರಸ ತೆಗೆಯದೆ, ಕತ್ತರಿಸಿದ ಹುಲ್ಲನ್ನೇ ತೊಳೆಯದೆ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಡಿ.