ಓದುಗರ ಪ್ರಶ್ನೆ: ರೊಟೊರುವಾದ ಚಿಮ್ಮುವ ಬುಗ್ಗೆಗಳು

ಪ್ರಶ್ನೆ: ಆಕ್ಲೆಂಡಿನಲ್ಲಿರುವ ಮಗಳು ಈ ಬಾರಿ ನಮ್ಮನ್ನು ರೊಟೊರುವಾ ಊರಿಗೆ ಕರೆದೊಯ್ಯುತ್ತಾಳಂತೆ. ನಮ್ಮ ಪುತ್ತೂರು ತಾಲೂಕಿನ ಇರ್ದೆಯ ಬೆಂದ್ರು ತೀರ್ಥದಲ್ಲಿಯೂ ಬಿಸಿನೀರಿದೆ; ಅದು ಅಲ್ಲಿಯಂತೆ ಮೇಲಕ್ಕೆ ಚಿಮ್ಮುವುದಿಲ್ಲವೇಕೆ? ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವ ನಾನು ಅಲ್ಲಿನ ಕೊಳಗಳಲ್ಲಿ ಸ್ನಾನ ಮಾಡಬಹುದೇ?
– ಓದುಗರೊಬ್ಬರು, ಕದ್ರಿ, ಮಂಗಳೂರು

ಉತ್ತರ: ಬೆಂದ್ರು ತೀರ್ಥದ ನೆಲದಡಿಯಲ್ಲಿ ಜ್ವಾಲಾಮುಖಿಯಿಲ್ಲ, ಬಂಡೆಯ ಬಿರುಕುಗಳಲ್ಲಿ ಆಳಕ್ಕಿಳಿದ ನೀರು ಭೂಮಿಯ ಶಾಖಕ್ಕೆ ಬೆಚ್ಚಗಾಗಿ ಮೇಲೇರುತ್ತದೆ. ರೊಟೊರುವಾ ಇರುವುದು ನ್ಯೂಜಿಲೆಂಡಿನ ಉತ್ತರ ದ್ವೀಪದ ಜ್ವಾಲಾಮುಖಿ ವಲಯದಲ್ಲಿ. ಅಲ್ಲಿ ಕಿರಿದಾದ ಕೊಳವೆಯಂತಹ ಬಿರುಕಿನ ತಳದ ನೀರು, ಪ್ರೆಶರ್ ಕುಕ್ಕರಿನೊಳಗಿನ ನೀರಿನಂತೆ ಒತ್ತಡಕ್ಕೆ ಸಿಲುಕಿ, ನೂರು ಡಿಗ್ರಿ ಸೆಲ್ಸಿಯಸ್ ದಾಟಿದರೂ ಕುದಿಯುವುದಿಲ್ಲ. ಮೇಲಿನ ನೀರು ಸ್ವಲ್ಪ ಉಕ್ಕಿ ಹೊರಹೋಗಿ ಒತ್ತಡ ತಗ್ಗಿತೆಂದರೆ, ತಳದ ನೀರು ಒಮ್ಮೆಲೇ ಆವಿಯಾಗಿ ಕೊಳವೆಯಲ್ಲಿನ ಇಡೀ ನೀರಿನ ಕಂಬವನ್ನು ಮೇಲಕ್ಕೆಸೆಯುತ್ತದೆ. ರೊಟೊರುವಾದ ಫಾಕರೆವರೆವ ಎಂಬಲ್ಲಿನ ಪೋಹುಟು ಬುಗ್ಗೆ ದಿನದಲ್ಲಿ ಹಲವು ಬಾರಿ ಹೀಗೆ ಚಿಮ್ಮುತ್ತದೆ. ಎತ್ತರ ಕೆಲವೊಮ್ಮೆ 30 ಮೀಟರ್ ತಲುಪುತ್ತದೆ.

ಈ ಬುಗ್ಗೆ ಉಳಿದುಕೊಂಡ ಬಗೆಯನ್ನು ನೀವು ತಿಳಿದುಕೊಂಡೇ ಹೋಗಬೇಕು. ಊರಿನ ಮನೆಗಳೂ ಹೋಟೆಲುಗಳೂ ನೀರು ಕಾಯಿಸಲು, ಕೋಣೆ ಬೆಚ್ಚಗಿಡಲು ಕೊಳವೆಬಾವಿ ಕೊರೆಸುತ್ತಾ ಹೋದಂತೆ ಭೂಗರ್ಭದ ಒತ್ತಡ ಕುಸಿದು ಬುಗ್ಗೆಗಳು ಸೊರಗತೊಡಗಿದವು. 1980ರ ದಶಕದಲ್ಲಿ ಸರ್ಕಾರವು ಪೋಹುಟುವಿನಿಂದ 1.5 ಕಿಲೋಮೀಟರ್ ಒಳಗಿನ ಬಾವಿಗಳನ್ನು ಮುಚ್ಚಿಸಿತು; ಅನಂತರ ನೀರಿನ ಮಟ್ಟ ಏರಿ ಬುಗ್ಗೆಗಳು ಚೇತರಿಸಿಕೊಂಡವು. ಅಡಿಕೆ ತೋಟಕ್ಕೆಂದು ವರ್ಷವರ್ಷ ಮತ್ತಷ್ಟು ಆಳಕ್ಕೆ ಕೊರೆಸುವ ನಮ್ಮ ಜಿಲ್ಲೆಯವರು ಇದನ್ನು ಗಂಭೀರವಾಗಿ ಯೋಚಿಸಬೇಕೆಂಬುದು ನನ್ನ ಅಭಿಪ್ರಾಯ.

ಫಾಕರೆವರೆವದಲ್ಲಿ ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೊರಿ ಕುಟುಂಬಗಳು ಇಂದಿಗೂ ವಾಸವಾಗಿವೆ. ಕುದಿಯುವ ಕೊಳಕ್ಕೆ ಜೋಳದ ತೆನೆಗಳನ್ನು ಇಳಿಬಿಟ್ಟು ಬೇಯಿಸುವುದನ್ನೂ ನೆಲದ ಹಬೆಯಲ್ಲಿ ಅಡುಗೆ ಮಾಡುವುದನ್ನೂ ಅಲ್ಲಿ ಕಣ್ಣಾರೆ ನೋಡಬಹುದು. ಅದು ಜನ ಬಾಳುತ್ತಿರುವ ಊರು. ಮನೆಯಂಗಳಗಳಿಗೆ ಅನುಮತಿಯಿಲ್ಲದೆ ಕಾಲಿಡಬಾರದು. ಗುರುತು ಮಾಡಿದ ಹಾದಿಯನ್ನಂತೂ ಎಲ್ಲಿಯೂ ಬಿಡಬೇಡಿ, ಏಕೆಂದರೆ ಗಟ್ಟಿಯಾಗಿ ಕಾಣುವ ನೆಲದ ಪದರ ತೆಳುವಾಗಿದ್ದು ಅದರ ಕೆಳಗೆ ಕುದಿವ ನೀರೋ ಕೆಸರೋ ಇರಬಹುದು.

ಸ್ನಾನಕ್ಕೆ ಮೊದಲು ನಿಮ್ಮ ವೈದ್ಯರನ್ನು ಕೇಳಿ. ಬಿಸಿನೀರಿನಲ್ಲಿ ರಕ್ತನಾಳಗಳು ಹಿಗ್ಗಿ ಒತ್ತಡ ಇಳಿಯುವುದರಿಂದ, ಮಾತ್ರೆ ತೆಗೆದುಕೊಳ್ಳುವವರಿಗೆ ಥಟ್ಟನೆ ಎದ್ದಾಗ ತಲೆ ಸುತ್ತಬಹುದು. ವೈದ್ಯರು ಒಪ್ಪಿದರೆ ಕಡಿಮೆ ಬಿಸಿಯ ಕೊಳವನ್ನು ಆರಿಸಿ, ಸ್ವಲ್ಪ ಹೊತ್ತು ಮಾತ್ರ ಕುಳಿತು, ಮಗಳ ಕೈ ಹಿಡಿದು ನಿಧಾನವಾಗಿ ಮೇಲೇಳಿ. ತೀರ್ಥಸ್ನಾನದಂತೆ ಮುಳುಗು ಹಾಕಲೇಬೇಡಿ: ಇಂತಹ ನೀರಿನಲ್ಲಿರಬಹುದಾದ ಒಂದು ಅಮೀಬಾ ಮೂಗಿನ ಮೂಲಕ ಮಿದುಳು ಸೇರಿದರೆ ಪ್ರಾಣಕ್ಕೇ ಅಪಾಯ. ಅದು ಅಪರೂಪವಾದರೂ ಎಚ್ಚರಿಕೆ ಅಗತ್ಯ.

ಊರಿಗೆ ಹೊಕ್ಕೊಡನೆ ಬರುವ ಕೊಳೆತ ಮೊಟ್ಟೆಯಂತಹ ವಾಸನೆ ಹೈಡ್ರೋಜನ್ ಸಲ್ಫೈಡ್ ಅನಿಲದ್ದು. ಅದರಿಂದ ಬೆಳ್ಳಿ ಕಪ್ಪಾಗುತ್ತದೆ; ಕಾಲುಂಗುರ, ಗೆಜ್ಜೆಗಳನ್ನು ಸ್ನಾನಕ್ಕೆ ಮುನ್ನ ತೆಗೆದಿಡಿ.