ಬಾಯಿಪಾಠಕ್ಕೆ ಸಿಗದ ಪರೀಕ್ಷೆ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ವಿರಾಜಪೇಟೆ ಕಡೆಯ ಹುಡುಗಿ, ವಯಸ್ಸು 16. ಬೆಂಗಳೂರಿನ ಹಾಸ್ಟೆಲಲ್ಲಿದ್ದು ಓದುತ್ತಾಳೆ. ಅಮೆರಿಕದ ಕಾಲೇಜ್ ಬೋರ್ಡಿನ ಎಪಿ ಸೆಮಿನಾರ್ (ಶಾಲೆಯಲ್ಲಿರುವಾಗಲೇ ಓದುವ ಕಾಲೇಜು ಮಟ್ಟದ ಕೋರ್ಸ್) ತೆಗೆದುಕೊಂಡಿದ್ದಾಳೆ. ಏಪ್ರಿಲ್ ರಜೆಗೆ ಮನೆಗೆ ಬಂದವಳು ಸರಿಯಾಗಿ ಊಟ ಮಾಡುತ್ತಿಲ್ಲ, ನಿದ್ದೆಯೂ ಇಲ್ಲ ಎಂದು ತಾಯಿ ಮಡಿಕೇರಿಗೆ ನನ್ನ ಬಳಿ ಕರೆತಂದರು.

"ಮೇಡಂ, ಇದಕ್ಕೆ ಏನು ಓದಬೇಕು ಅಂತಲೇ ಗೊತ್ತಾಗ್ತಿಲ್ಲ" ಅಂದಳು. ಸುಳ್ಳೇನಲ್ಲ. ಮೇ ತಿಂಗಳ ಈ ಪರೀಕ್ಷೆ 2 ಗಂಟೆಯದು. ಸುಮಾರು 30 ನಿಮಿಷ ಒಂದೇ ಬರಹದ ಮೇಲೆ ಮೂರು ಪ್ರಶ್ನೆ: ಲೇಖಕರ ವಾದ ಏನು, ಅದನ್ನು ಹೇಗೆ ಕಟ್ಟಿದ್ದಾರೆ, ಪುರಾವೆ ಎಷ್ಟು ಗಟ್ಟಿ. ಉಳಿದ 90 ನಿಮಿಷದಲ್ಲಿ ನಾಲ್ಕು ಬರಹ ಓದಿ, ಕನಿಷ್ಠ ಎರಡನ್ನು ಬಳಸಿ, ತನ್ನದೇ ವಾದದ ಪ್ರಬಂಧ. ಬಾಯಿಪಾಠ ಮಾಡಿಯೇ ಮುಂದೆ ಬಂದ ಮಗುವಿಗೆ ದಿಕ್ಕು ತೋಚದಿದ್ದರೆ ಆಶ್ಚರ್ಯವಿಲ್ಲ.

ಅವಳ ಅಭ್ಯಾಸದ ಹಾಳೆ ನೋಡಿದೆ. ಸಾಲು ಸಾಲಿಗೂ ಹಳದಿ ಹೈಲೈಟರ್. ಬಿಳಿ ಜಾಗ ಹುಡುಕಬೇಕಿತ್ತು. ಉತ್ತರದಲ್ಲಿ ಮಾತ್ರ ಲೇಖಕರ ಸುಳಿವೇ ಇಲ್ಲ. "ಇದು ತಪ್ಪು, ನನ್ನ ಪ್ರಕಾರ" ಅಂತಲೇ ಶುರು.

ಕೊಡಗಿನ 2018ರ ಆಗಸ್ಟ್ ಭೂಕುಸಿತದ ಮಾತು ತೆಗೆದೆ. ಗುಡ್ಡ ಕಡಿದು ರಸ್ತೆ, ರೆಸಾರ್ಟ್ ಮಾಡಿದ್ದೇ ಕಾರಣ ಅನ್ನೋರು ಒಂದು ಕಡೆ. ಆ ಪರಿ ಮಳೆಗೆ ಯಾವ ಗುಡ್ಡ ನಿಲ್ಲುತ್ತೆ ಅನ್ನೋರು ಇನ್ನೊಂದು ಕಡೆ. ಅವಳ ಅಜ್ಜ ಎರಡನೇ ಪಕ್ಷ, ಇವಳು ಮೊದಲನೆಯದು.

"ಅಜ್ಜ ಒಪ್ಪೋ ಹಾಗೆ ಅಜ್ಜನ ವಾದ ಹೇಳು. ನಿನ್ನದು ಆಮೇಲೆ" ಅಂದೆ. ನಡುನಡುವೆ "ಆದ್ರೆ" ಅಂತ ಬಾಯಿ ಹಾಕುತ್ತಿದ್ದಳು, ತಡೆಯುತ್ತಿದ್ದೆ. ಕೊನೆಗೆ ಪೂರ್ತಿ ಹೇಳಿದಳು. ಹೇಳಿ ಮುಗಿಸಿ, "ಮಕ್ಕಂದೂರು ಕಡೆ ರೆಸಾರ್ಟ್ ಇಲ್ಲದ ತೋಟವೂ ಜಾರಿತ್ತು ಅಂತಾರೆ ಅಜ್ಜ. ಒಂದು ತೋಟ ನೋಡಿ ಇಡೀ ಜಿಲ್ಲೆಗೆ ಹೇಳಬಹುದಾ?" ಅಂದಳು. ಮೂರನೇ ಪ್ರಶ್ನೆ ಕೇಳೋದೂ ಇದನ್ನೇ ಅಲ್ವಾ!

ದಿನಕ್ಕೊಂದು ಇಂಗ್ಲಿಷ್ ಸಂಪಾದಕೀಯ ಓದಲು ಹೇಳಿದೆ. ಹೈಲೈಟರ್ ಬೇಡ, ಪೆನ್ಸಿಲ್ ಸಾಕು: ವಾದಕ್ಕೆ ಒಂದೇ ಗೆರೆ, ಕಾರಣಗಳಿಗೆ ಅಂಕಿ, ಅನುಮಾನದ ಪುರಾವೆಗೆ ಪ್ರಶ್ನಾರ್ಥಕ ಚಿಹ್ನೆ. ಪ್ರಬಂಧಕ್ಕೆ ಕೂತಾಗ ನಾಲ್ಕನ್ನೂ ಒಂದೊಂದಾಗಿ ಸಾರಾಂಶ ಮಾಡಬೇಡ, ಅವುಗಳನ್ನು ಜೋಡಿಸುವ ಎಳೆ ಹುಡುಕು ಅಂದೆ. ಪರೀಕ್ಷೆ ಕಂಪ್ಯೂಟರಿನಲ್ಲಿ, ಆದ್ದರಿಂದ ಅಭ್ಯಾಸವೂ ಟೈಪ್ ಮಾಡಿಯೇ.

ಅಪ್ಪ ದಿನಾ "ಎಷ್ಟು ಚಾಪ್ಟರ್ ಆಯ್ತು?" ಅಂತ ಕೇಳುತ್ತಿದ್ದರಂತೆ. ಇದರಲ್ಲಿ ಚಾಪ್ಟರೇ ಇಲ್ಲ ಸಾರ್ ಅಂದೆ. ಈ ಪರೀಕ್ಷೆಗೆ ಶೇ. 45, ಉಳಿದ 55 ವರ್ಷದ ನಡುವೆ ಮಾಡಿದ ಪ್ರಾಜೆಕ್ಟುಗಳಿಗೆ ಎಂದು ಗೊತ್ತಾದ ಮೇಲೆ ಅವರೂ ಸ್ವಲ್ಪ ತಣ್ಣಗಾದರು.

ಊಟ ಸರಿಹೋಗಿದೆ. ನಿದ್ದೆ ಇನ್ನೂ ಇಲ್ಲ. ರಾತ್ರಿ 10ರ ಮೇಲೆ ಲ್ಯಾಪ್‌ಟಾಪ್ ಅಮ್ಮನ ಕೋಣೆಯಲ್ಲಿರಬೇಕು ಎಂದು ಮಾತಾಗಿದೆ. ಹಾಸ್ಟೆಲಿಗೆ ಹೋದ ಮೇಲೆ ವಾರಕ್ಕೊಮ್ಮೆ ಫೋನ್ ಮಾಡುತ್ತಾಳೆ.