ಡಿಗಾಕ್ಸಿನ್ ಕೊಡದ ಹಸುಗೂಸಿನ ರಕ್ತದಲ್ಲೂ ಡಿಗಾಕ್ಸಿನ್ ಇದೆ ಅಂತ ರಿಪೋರ್ಟ್ ಬರುವುದು ಯಾಕೆ?

ಹಸುಗೂಸಿನ ರಕ್ತದಲ್ಲಿ ಸಹಜವಾಗಿಯೇ ಇರುವ ಕೆಲವು ವಸ್ತುಗಳನ್ನು ಪರೀಕ್ಷೆಯು ಡಿಗಾಕ್ಸಿನ್ ಎಂದು ತಪ್ಪಾಗಿ ಲೆಕ್ಕ ಹಾಕಬಹುದು, ಅದಕ್ಕೇ.

ಡಿಗಾಕ್ಸಿನ್ ಹೃದಯದ ಔಷಧಿ. ಅದರ ಮಟ್ಟ ಅಳೆಯಲು ಲ್ಯಾಬ್‌ಗಳು ಸಾಮಾನ್ಯವಾಗಿ ಪ್ರತಿಕಾಯ (ಆಂಟಿಬಾಡಿ) ಬಳಸುತ್ತವೆ. ಈ ಪ್ರತಿಕಾಯ ಔಷಧಿಯ ಆಕಾರವನ್ನು ಗುರುತಿಸಿ ಅಂಟಿಕೊಳ್ಳುತ್ತದೆ. ಆದರೆ ಆಕಾರದಲ್ಲಿ ಹೋಲುವ ಬೇರೆ ವಸ್ತು ಸಿಕ್ಕರೂ ಅಂಟಿಕೊಳ್ಳಬಹುದು. ಯಂತ್ರಕ್ಕೆ ಎರಡೂ ಒಂದೇ. ಇಂಥ ವಸ್ತುಗಳು ಹಸುಗೂಸುಗಳಲ್ಲಿ, ಅದರಲ್ಲೂ ಅವಧಿಗೆ ಮೊದಲೇ ಹುಟ್ಟಿದವರಲ್ಲಿ ಜಾಸ್ತಿ. ಗರ್ಭಿಣಿಯರಲ್ಲಿ, ಕಿಡ್ನಿ ಅಥವಾ ಲಿವರ್ ಕೆಟ್ಟವರಲ್ಲೂ ಕಾಣಿಸುತ್ತವೆ.

ಇದನ್ನು ಸಣ್ಣ ವಿಷಯ ಅಂತ ಬಿಡುವ ಹಾಗಿಲ್ಲ. ಡಿಗಾಕ್ಸಿನ್‌ನಲ್ಲಿ ಗುಣ ಕೊಡುವ ಮಟ್ಟಕ್ಕೂ ವಿಷವಾಗುವ ಮಟ್ಟಕ್ಕೂ ಅಂತರ ತೀರಾ ಕಡಿಮೆ. 1 ಮಿಲಿಲೀಟರ್ ರಕ್ತದಲ್ಲಿ ಸುಮಾರು 2 ನ್ಯಾನೋಗ್ರಾಂ ದಾಟಿದರೆ ವೈದ್ಯರು ಎಚ್ಚರಾಗುತ್ತಾರೆ. ಸುಳ್ಳು ಅಂಕಿ ನಂಬಿ ಡೋಸ್ ಇಳಿಸಿದರೆ ಮಗುವಿಗೆ ಬೇಕಾದ ಔಷಧಿ ಸಿಗುವುದಿಲ್ಲ, ಅಲ್ವಾ?

ಮೊದಲ ಡೋಸ್‌ಗೆ ಮುಂಚೆಯೇ ಒಂದು ಸ್ಯಾಂಪಲ್ ತೆಗೆದಿಟ್ಟರೆ ಹೋಲಿಸಲು ಆಧಾರ ಸಿಗುತ್ತದೆ. ಹೊಸ ಕಿಟ್‌ಗಳಲ್ಲಿ ಈ ತೊಂದರೆ ಕಡಿಮೆ. ಅನುಮಾನ ಉಳಿದರೆ ಅಣುವಿನ ತೂಕದಿಂದಲೇ ಗುರುತಿಸುವ ಮಾಸ್ ಸ್ಪೆಕ್ಟ್ರೋಮೆಟ್ರಿ ಪರೀಕ್ಷೆ ಇದೆ. ಅಂಕಿಯ ಜೊತೆಗೆ ಮಗುವಿನ ಇಸಿಜಿ, ಹೃದಯ ಬಡಿತ, ಹಾಲು ಕುಡಿಯುವ ರೀತಿಯನ್ನೂ ವೈದ್ಯರು ನೋಡಲೇಬೇಕು.